ಸಮೋನ್ನತಿ ರೇಖೆಗಳನ್ನು ಓದುವುದು ಹೇಗೆ: ನಕ್ಷೆಯ ಗೆರೆಗಳಿಂದ ನೆಲದ ಏರಿಳಿತ ತಿಳಿಯುವ ಸಮಗ್ರ ಮಾರ್ಗದರ್ಶಿ

ಟೋಪೋಶೀಟ್, ಅಂದರೆ ನೆಲದ ಏರಿಳಿತ ತೋರಿಸುವ ಸರ್ವೆ ನಕ್ಷೆ, ಬಿಚ್ಚಿದ ಕೂಡಲೇ ಕಾಣುವುದು ಕಂದು ಗೆರೆಗಳ ಗೋಜಲು. ಅದರಲ್ಲಿ ಒಂದೊಂದು ಗೆರೆಗೂ ಇರುವುದು ಒಂದೇ ಅರ್ಥ: ಅದರ ಮೇಲೆ ಎಲ್ಲಿ ನಿಂತರೂ ಸಮುದ್ರಮಟ್ಟದಿಂದ ಎತ್ತರ ಒಂದೇ. ಭೂಗೋಳದ ಪಠ್ಯದಲ್ಲಿ ಇವು ಸಮೋನ್ನತಿ ರೇಖೆಗಳು, ಸರ್ವೆ ಕೆಲಸದವರ ಬಾಯಲ್ಲಿ ಕಾಂಟೂರ್‌ಗಳು. ಗೆರೆಯಿಂದ ಎತ್ತರ ತಿಳಿಯುತ್ತದೆ. ನೆಲ ಕಡಿದೋ ಸಪಾಟೋ, ಉಬ್ಬೋ ತಗ್ಗೋ ಎಂಬುದು ತಿಳಿಯುವುದು ಎರಡು ಗೆರೆಗಳ ನಡುವಿನ ಸಂದಿನಿಂದ. ಇಲ್ಲಿ ಸಂದನ್ನು ಓದುವುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ, ಏಕೆಂದರೆ ಓದುವವರು ಎಡವುವುದೂ ಅಲ್ಲೇ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ, ಚೂಪಾದ ಪೆನ್ಸಿಲ್, ಉದ್ದನೆಯ ಕಾಗದದ ಪಟ್ಟಿ, ಗ್ರಾಫ್ ಹಾಳೆ, ಒಂದು ಮೀಟರ್ ದಾರ, ಒಂದು ಭೂತಗನ್ನಡಿ. ಹೊರಗೆ ಹೋಗುವಾಗ ದಿಕ್ಸೂಚಿ.

ಮೊದಲು ಕಲ್ಲು, ಆಮೇಲೆ ನಕ್ಷೆ

ಗೆರೆಗಳ ಅರ್ಥ ಕಣ್ಣಿಗೆ ಕೂರಬೇಕಾದರೆ ಒಂದು ಪ್ರಯೋಗ ಮಾಡಿ. ಬಕೆಟ್ಟಿನ ತಳದಲ್ಲಿ ಉಬ್ಬುತಗ್ಗು ಇರುವ, ಅಗಲ ಬುಡದ ಕಲ್ಲೊಂದನ್ನು ಇಡಿ. 2 ಸೆಂ.ಮೀ. ನೀರು ಹಾಕಿ, ನೀರು ಕಲ್ಲನ್ನು ಮುಟ್ಟುವ ಅಂಚಿನುದ್ದಕ್ಕೂ ನೀರಿಗೆ ಅಳಿಸದ ಪೆನ್ನಿನಿಂದ ಗೆರೆ ಎಳೆಯಿರಿ. ಇನ್ನೂ 2 ಸೆಂ.ಮೀ. ಹಾಕಿ, ಮತ್ತೆ ಎಳೆಯಿರಿ. ಕಲ್ಲು ಮುಳುಗುವವರೆಗೆ ಹೀಗೇ ಮಾಡಿ. ಆಮೇಲೆ ನೀರು ಚೆಲ್ಲಿ, ಕಲ್ಲನ್ನು ನೇರ ಮೇಲಿಂದ ನೋಡಿ. ಕಡಿದಾದ ಬದಿಯಲ್ಲಿ ಗೆರೆಗಳು ಒತ್ತೊತ್ತಾಗಿವೆ, ಇಳಿಜಾರು ಕಡಿಮೆ ಇರುವ ಕಡೆ ದೂರ ದೂರ. ಕಲ್ಲಿನ ಸೀಳಿನಲ್ಲಿ ಗೆರೆ ಒಳಕ್ಕೆ ಬಾಗಿದೆ, ಏಣಿನ (ಉಬ್ಬಿ ನಿಂತ ಉದ್ದನೆಯ ಬೆನ್ನಿನ) ಮೇಲೆ ಹೊರಕ್ಕೆ ಚಾಚಿದೆ. ಒಂದು ಗೆರೆಯೂ ಇನ್ನೊಂದನ್ನು ದಾಟಿಲ್ಲ. ಪ್ರತಿಯೊಂದೂ ಸುತ್ತಿ ಬಂದು ತನ್ನನ್ನೇ ಕೂಡಿಕೊಂಡಿದೆ. ಕಾಂಟೂರ್‌ಗಳ ನಿಯಮಗಳು ಇಷ್ಟೇ. ನಕ್ಷೆಯಲ್ಲಿ ಗೊಂದಲವಾದಾಗಲೆಲ್ಲ ‘ನೀರು ಈ ಮಟ್ಟಕ್ಕೆ ಬಂದರೆ ದಡ ಎಲ್ಲಿ ಬರುತ್ತದೆ?’ ಎಂದು ಕೇಳಿಕೊಳ್ಳಿ. ಮುಕ್ಕಾಲು ಪಾಲು ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಬೆಟ್ಟವೊಂದರ ಸಾವಿರಾರು ಅಳತೆಗಳನ್ನು ಹೀಗೆ ಗೆರೆಗಳಾಗಿ ಕಟ್ಟಿ ಗಣಿತಕ್ಕೆ ಬಳಸಿದವರಲ್ಲಿ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಹಟನ್ ಮೊದಲಿಗರ ಸಾಲಿನವರು. 1774ರಲ್ಲಿ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದ ಬಳಿ ಖಗೋಳಜ್ಞ ನೆವಿಲ್ ಮ್ಯಾಸ್ಕಲಿನ್, ಬೆಟ್ಟದ ಸೆಳೆತಕ್ಕೆ ತೂಗುಗುಂಡು ಎಷ್ಟು ವಾಲುತ್ತದೆ ಎಂದು ಅಳೆದರು. ಅದರಿಂದ ಭೂಮಿಯ ಸಾಂದ್ರತೆ ಕಂಡುಹಿಡಿಯಲು ಬೆಟ್ಟದ ಗಾತ್ರ ಗೊತ್ತಾಗಬೇಕಿತ್ತು. ಹಟನ್ ಅಂಕಿಗಳ ರಾಶಿಯಲ್ಲಿ ಸಮ ಎತ್ತರದ ಬಿಂದುಗಳನ್ನು ಗೆರೆಯಿಂದ ಜೋಡಿಸಿದೊಡನೆ ಬೆಟ್ಟದ ಆಕಾರ ಎದ್ದು ಕಂಡಿತು.

ನಕ್ಷೆಯ ಅಂಚು ಓದದೆ ಒಳಗೆ ಹೋಗಬೇಡಿ

ಅಂಚಿನಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಮೂರು.

ಒಂದು, ಸ್ಕೇಲ್. 1:50,000 ಎಂದರೆ ನಕ್ಷೆಯ 1 ಮಿ.ಮೀ.ಗೆ ನೆಲದ 50 ಮೀ. 1:25,000 ಆದರೆ 25 ಮೀ. ಫೋಟೋಕಾಪಿಯಾಗಿದ್ದರೆ, ಅಥವಾ ಮನೆಯ ಪ್ರಿಂಟರಿನಲ್ಲಿ ತೆಗೆದದ್ದಾದರೆ, ಅಂಕಿಯನ್ನು ನಂಬಬೇಡಿ. ಪ್ರಿಂಟರ್ ‘ಪುಟಕ್ಕೆ ಹೊಂದಿಸು’ ಎಂದು ಕುಗ್ಗಿಸಿರುತ್ತದೆ. ಆದರೂ 1:50,000 ಎಂಬ ಅಕ್ಷರ ಹಾಗೇ ಉಳಿದಿರುತ್ತದೆ. ಅಂಚಿನ ಸ್ಕೇಲ್ ಪಟ್ಟಿಯೋ, ಹಾಳೆಯ ಮೇಲಿನ ಕಿಲೋಮೀಟರ್ ಚೌಕವೋ ನಕ್ಷೆಯ ಜೊತೆಗೇ ಕುಗ್ಗುತ್ತದಾದ್ದರಿಂದ ಅದನ್ನು ಅಳೆಯಿರಿ. 1:50,000ರಲ್ಲಿ 1 ಕಿ.ಮೀ. ಸರಿಯಾಗಿ 20 ಮಿ.ಮೀ. ಬರಬೇಕು. 19 ಬಂದರೆ ಆ ಹಾಳೆಯಲ್ಲಿ 1 ಮಿ.ಮೀ. ಎಂದರೆ ಸುಮಾರು 52.6 ಮೀ.

ಎರಡು, ಲಂಬಾಂತರ. ಅಕ್ಕಪಕ್ಕದ ಎರಡು ಗೆರೆಗಳ ಎತ್ತರದಲ್ಲಿರುವ ವ್ಯತ್ಯಾಸವಿದು, ಹಾಳೆಯ ಮೇಲಿನ ದೂರವಲ್ಲ. ಆ ದೂರಕ್ಕೆ ಈ ಬರಹದಲ್ಲಿ ಸಂದು ಎಂದು ಕರೆಯುತ್ತೇವೆ; ಎರಡನ್ನೂ ‘ಅಂತರ’ ಎಂದರೆ ಲೆಕ್ಕ ಕೆಡುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಹಾಳೆಗಳಲ್ಲಿ ಲಂಬಾಂತರ ಸಾಮಾನ್ಯವಾಗಿ 20 ಮೀ. ಬ್ರಿಟನ್ನಿನ ಆರ್ಡ್‌ನೆನ್ಸ್ ಸರ್ವೆಯ ಅದೇ ಸ್ಕೇಲಿನ ನಕ್ಷೆಯಲ್ಲಿ 10 ಮೀ. ಸ್ವಿಟ್ಜರ್‌ಲೆಂಡಿನ 1:25,000 ನಕ್ಷೆಯಲ್ಲಿ ಆಲ್ಪ್ಸ್ ಭಾಗಕ್ಕೆ 20 ಮೀ., ತಗ್ಗಿನ ಪ್ರದೇಶಕ್ಕೆ 10 ಮೀ. ಅಮೆರಿಕದ 1:24,000 ಹಾಳೆಗಳಲ್ಲಿ ಲಂಬಾಂತರ ಅಡಿಯಲ್ಲಿರುತ್ತದೆ, ಅದೂ ಹಾಳೆಯಿಂದ ಹಾಳೆಗೆ ಬದಲಾಗುತ್ತದೆ. ಒಂದು ನಕ್ಷೆಯಲ್ಲಿ ಪಳಗಿದ ಕಣ್ಣು ಇನ್ನೊಂದರಲ್ಲಿ ಮೋಸ ಹೋಗುವುದು ಇದರಿಂದಲೇ: ಲಂಬಾಂತರ ಅರ್ಧವಾದರೆ ಅದೇ ಗುಡ್ಡದ ಮೇಲೆ ಗೆರೆ ಎರಡರಷ್ಟಾಗಿ, ಎರಡರಷ್ಟು ಕಡಿದಾದಂತೆ ಕಾಣುತ್ತದೆ.

ಮೂರು, ಅಳತೆಯ ಮಾನ ಮತ್ತು ಸರ್ವೆಯ ವರ್ಷ. ಮೀಟರೋ ಅಡಿಯೋ ಎಂಬುದನ್ನು ಹಳೆಯ ಹಾಳೆಗಳಲ್ಲಿ ವಿಶೇಷವಾಗಿ ನೋಡಿ. ವರ್ಷ ಹಳೆಯದಾದರೂ ಬೆಟ್ಟದ ಕಾಂಟೂರ್ ಅಷ್ಟಾಗಿ ಕೆಡುವುದಿಲ್ಲ. ಗಣಿ, ಅಣೆಕಟ್ಟು, ರಸ್ತೆ ಕಡಿತ, ಭೂಕುಸಿತ ಆದ ಕಡೆ ಮಾತ್ರ ನಂಬಿಕೆ ಕಡಿಮೆ ಮಾಡಿಕೊಳ್ಳಿ.

ಇನ್ನು ಗೆರೆಗಳ ಬಗೆ. ಸಾಮಾನ್ಯವಾಗಿ ಪ್ರತಿ ಐದನೆಯ ಗೆರೆ ದಪ್ಪಗಿರುತ್ತದೆ, ಎತ್ತರದ ಅಂಕಿ ಇರುವುದು ಅದರ ಮೇಲೆ. ಲಂಬಾಂತರ 20 ಆದರೆ ದಪ್ಪ ಗೆರೆಗಳು 100 ಮೀ.ಗೆ ಒಂದು. ಅಂಚಿನಲ್ಲಿ ಲಂಬಾಂತರ ಹರಿದುಹೋಗಿದ್ದರೆ ಎರಡು ದಪ್ಪ ಗೆರೆಗಳ ಅಂಕಿ ಕಳೆದು, ನಡುವಿನ ಸಂದುಗಳ ಸಂಖ್ಯೆಯಿಂದ ಭಾಗಿಸಿ. ಸಂದುಗಳಿಂದ, ಗೆರೆಗಳಿಂದಲ್ಲ. ನಡುವೆ ನಾಲ್ಕು ತೆಳು ಗೆರೆ ಇದ್ದರೆ ಸಂದು ಐದು. ನಾಲ್ಕರಿಂದ ಭಾಗಿಸಿ 25 ಮೀ. ಎಂದು ಬರೆದುಕೊಳ್ಳುವುದು ತೀರಾ ಸಾಮಾನ್ಯವಾದ ತಪ್ಪು. ತುಂಡು ತುಂಡಾದ ಗೆರೆ ಕಂಡರೆ ಸೂಚಿಪಟ್ಟಿ ನೋಡಲೇಬೇಕು: ಕೆಲವು ನಕ್ಷೆಗಳಲ್ಲಿ ಅದು ಸಪಾಟು ನೆಲಕ್ಕೆ ಸೇರಿಸಿದ ಅರ್ಧ ಲಂಬಾಂತರದ ಗೆರೆ, ಕೆಲವದರಲ್ಲಿ ಸರಿಯಾಗಿ ಅಳೆಯದೆ ಅಂದಾಜಿನಲ್ಲಿ ಎಳೆದ ಗೆರೆ. ಬಣ್ಣವೂ ಮಾತಾಡುತ್ತದೆ. ಸ್ವಿಸ್ ನಕ್ಷೆಗಳಲ್ಲಿ ಮಣ್ಣಿನ ಮೇಲೆ ಕಂದು, ಬಂಡೆ-ಜಲ್ಲಿಯ ಮೇಲೆ ಕಪ್ಪು, ಹಿಮನದಿಯ ಮೇಲೆ ನೀಲಿ.

ಏರು ಯಾವ ಕಡೆ?

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ತಲೆಕೆಳಗಾಗಿ ಓದಿದರೆ ಕಣಿವೆ ಏಣಾಗುತ್ತದೆ, ಏಣು ಕಣಿವೆಯಾಗುತ್ತದೆ.

ಕಂದು ಗೆರೆ ನೋಡುವ ಮುನ್ನ ನೀಲಿ ಬಣ್ಣ ನೋಡಿ. ಹೊಳೆ, ಹಳ್ಳ, ಕೆರೆ ಎಲ್ಲವೂ ತಗ್ಗಿನಲ್ಲಿರುತ್ತವೆ. ಹಳ್ಳದಿಂದ ಎತ್ತ ಸರಿದರೂ ಏರು. ಎರಡು ಹಳ್ಳಗಳ ನಡುವೆ ಎಲ್ಲೋ ಒಂದು ಏಣು ಇದ್ದೇ ಇರುತ್ತದೆ. ನೀಲಿ ಗೆರೆಗಳನ್ನು ಬೆರಳಿನಿಂದ ಹಿಂಬಾಲಿಸಿ, ಅವು ಕೂಡುವ ದಿಕ್ಕನ್ನು ಗಮನಿಸಿದರೆ ಹರಿವು ಎತ್ತ ಎಂಬುದೂ ತಿಳಿಯುತ್ತದೆ: ಕವಲುಗಳು ಸೇರಿ ಮಾಡುವ ಮೊನೆ ಬಹುಮಟ್ಟಿಗೆ ಕೆಳಮುಖ. ಇದಾದ ಮೇಲೆ ಪಕ್ಕಪಕ್ಕದ ಎರಡು ದಪ್ಪ ಗೆರೆಗಳ ಅಂಕಿ ಓದಿ ಖಚಿತಪಡಿಸಿಕೊಳ್ಳಿ. ಆರ್ಡ್‌ನೆನ್ಸ್ ಸರ್ವೆ ನಕ್ಷೆಗಳಲ್ಲಿ ಅಂಕಿಯ ತಲೆ ಏರಿನ ಕಡೆಗೇ ಇರುವಂತೆ ಅಚ್ಚು ಹಾಕುತ್ತಾರೆ. ಎಲ್ಲ ನಕ್ಷೆಗಳಲ್ಲೂ ಹಾಗಿಲ್ಲ, ಆದ್ದರಿಂದ ಅದೊಂದನ್ನೇ ನೆಚ್ಚಬೇಡಿ.

ಒಂದು ಬಿಂದುವಿನ ಎತ್ತರ

ಬಿಂದು ಗೆರೆಯ ಮೇಲಿದ್ದರೆ ಲೆಕ್ಕವಿಲ್ಲ. ಹತ್ತಿರದ ದಪ್ಪ ಗೆರೆಯಿಂದ ಎಣಿಸಿಕೊಂಡು ಬನ್ನಿ. ಪ್ರತಿ ಹೆಜ್ಜೆಗೂ ‘820, 840, 860’ ಎಂದು ಬಾಯಿಬಿಟ್ಟು ಹೇಳಿಕೊಳ್ಳುವುದು ಒಳ್ಳೆಯದು, ತಪ್ಪು ಬೇಗ ಸಿಗುತ್ತದೆ.

ಬಿಂದು 840 ಮತ್ತು 860ರ ನಡುವೆ ಇದೆ ಎನ್ನಿ. ಅದರ ಮೂಲಕ ಎರಡೂ ಗೆರೆಗಳನ್ನು ಆದಷ್ಟು ಲಂಬವಾಗಿ ಮುಟ್ಟುವ ಚಿಕ್ಕ ಗೆರೆ ಎಳೆದು ಅಳೆಯಿರಿ. ಇಡೀ ಸಂದು 6 ಮಿ.ಮೀ., 840ರಿಂದ ಬಿಂದುವಿಗೆ 2 ಮಿ.ಮೀ. ಹಾಗಾದರೆ ಎತ್ತರ 840 + (20 × 2 ÷ 6), ಸುಮಾರು 847 ಮೀ. ಸಂದಿನುದ್ದಕ್ಕೂ ಇಳಿಜಾರು ಒಂದೇ ಸಮ ಎಂಬ ಊಹೆ ಇದರಲ್ಲಿದೆ. ಅದರ ಮೇಲೆ ನಕ್ಷೆಗೇ ಅದರದೇ ತಪ್ಪು ಇರುತ್ತದೆ: ಅಮೆರಿಕದ 1947ರ ನಕ್ಷಾ ನಿಖರತೆಯ ಮಾನದಂಡದ ಪ್ರಕಾರ, ಪರೀಕ್ಷಿಸಿದ ಬಿಂದುಗಳಲ್ಲಿ ನೂರಕ್ಕೆ 90 ಅರ್ಧ ಲಂಬಾಂತರದೊಳಗೆ ಸರಿಯಿದ್ದರೆ ನಕ್ಷೆ ಪಾಸಾಗುತ್ತದೆ. ಅಂದರೆ 20 ಮೀ. ಲಂಬಾಂತರದ ನಕ್ಷೆಯಿಂದ ತೆಗೆದ 847 ಎಂಬುದನ್ನು ‘845ರ ಆಸುಪಾಸು, ಹತ್ತು ಮೀಟರ್ ಆಚೀಚೆ’ ಎಂದೇ ತಿಳಿಯಬೇಕು.

ಶಿಖರದ ಮೇಲೆ ಬಿಂದು ಎತ್ತರ ಬರೆದಿದ್ದರೆ, ಅಥವಾ ತ್ರಿಭುಜದ ಸರ್ವೆ ಗುರುತಿದ್ದರೆ, ಆ ಅಂಕಿ ಕಾಂಟೂರಿಗಿಂತ ನಿಖರ. ಬರೆದಿರದಿದ್ದರೆ ಒಳಗಿನ ಕೊನೆಯ ಉಂಗುರ ನೋಡಿ. ಅದು 940 ಆದರೆ ನೆತ್ತಿ 940ಕ್ಕಿಂತ ಮೇಲೆ, 960ಕ್ಕಿಂತ ಕೆಳಗೆ. ಉಂಗುರ ಹಾಳೆಯಲ್ಲಿ ಅಗಲವಾಗಿದ್ದ ಮಾತ್ರಕ್ಕೆ ಮೇಲ್ಭಾಗ ಸಪಾಟು ಎಂದುಕೊಳ್ಳಬೇಡಿ. ಒಳಗೆ 19 ಮೀ. ಏರು ಅಡಗಿರಬಹುದು.

ಸಂದಿನಿಂದ ಇಳಿಜಾರು

ಸೂತ್ರ ಸರಳ: ಇಳಿಜಾರು ಶೇಕಡಾವಾರು = ಏರಿದ ಎತ್ತರ ÷ ನೆಲದ ಅಡ್ಡದೂರ × 100. ಶೇ. 100 ಎಂದರೆ 45 ಡಿಗ್ರಿ, ನೆಟ್ಟಗಿನ ಗೋಡೆಯಲ್ಲ.

1:50,000 ಸ್ಕೇಲು, 20 ಮೀ. ಲಂಬಾಂತರ ಎಂದಿಟ್ಟುಕೊಂಡರೆ:

- ಸಂದು 4 ಮಿ.ಮೀ.: ಶೇ. 10, ಸುಮಾರು 6°. ಆರಾಮದ ನಡಿಗೆ.
- ಸಂದು 2 ಮಿ.ಮೀ.: ಶೇ. 20, ಸುಮಾರು 11°. ಏದುಸಿರು ಶುರು.
- ಸಂದು 1 ಮಿ.ಮೀ.: ಶೇ. 40, ಸುಮಾರು 22°. ದಾರಿಯಿಲ್ಲದೆ ನೇರ ಏರುವುದು ಕಷ್ಟದ ಕೆಲಸ.
- ಸಂದು 0.5 ಮಿ.ಮೀ.: ಶೇ. 80, ಸುಮಾರು 39°. ಕೈಯೂರಬೇಕಾದ ನೆಲ.

1:25,000 ಸ್ಕೇಲಿಗೆ 10 ಮೀ. ಲಂಬಾಂತರವಿದ್ದರೂ ಇದೇ ಪಟ್ಟಿ ನಡೆಯುತ್ತದೆ, ಏಕೆಂದರೆ ಎರಡೂ ಅರ್ಧವಾಗಿವೆ. ಬೇರೆ ಜೋಡಿಯಾದರೆ ಹೊಸದಾಗಿ ಲೆಕ್ಕ ಹಾಕಿ, ಫಲವನ್ನು ಕಾಗದದ ಪಟ್ಟಿಯ ಅಂಚಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಆಮೇಲೆ ಪಟ್ಟಿಯನ್ನು ನಕ್ಷೆಯ ಮೇಲೆ ಆಡಿಸಿದರೆ ಸಾಕು.

ಸಂದು 1 ಮಿ.ಮೀ.ಗಿಂತ ಕಿರಿದಾದಾಗ ಒಂದು ಸಂದನ್ನು ಅಳೆಯುವುದು ದಂಡ. ಗೆರೆಯ ದಪ್ಪವೇ 0.1 ಮಿ.ಮೀ.ಗೂ ಮಿಕ್ಕಿರಬಹುದು. ದಪ್ಪ ಗೆರೆಯಿಂದ ದಪ್ಪ ಗೆರೆಗೆ ಅಳೆದು ನೂರು ಮೀಟರಿಗೆ ಲೆಕ್ಕ ಹಾಕಿ: 5 ಮಿ.ಮೀ. ಬಂದರೆ 22°, 2.5 ಮಿ.ಮೀ. ಬಂದರೆ 39°. ಆದರೆ ಇದು ಸರಾಸರಿ. ನೂರು ಮೀಟರಿನೊಳಗೆ ಅರ್ಧ ಸಪಾಟು, ಅರ್ಧ ಬಂಡೆಯ ಗೋಡೆ ಇರಬಹುದು. ಹಾಗಾಗಿ ಸರಾಸರಿ ತೆಗೆದ ಮೇಲೆ ಭೂತಗನ್ನಡಿ ಹಿಡಿದು, ನಡುವಿನ ತೆಳು ಗೆರೆಗಳು ಸಮವಾಗಿ ಹರಡಿವೆಯೇ ಒಂದೆಡೆ ಒತ್ತಿವೆಯೇ ನೋಡಿ. ಹಿಮ ಬೀಳುವ ಬೆಟ್ಟಗಳಲ್ಲಿ ಈ ನೋಟ ಪ್ರಾಣದ ಪ್ರಶ್ನೆ. ಹಿಮಕುಸಿತಗಳು ಹೆಚ್ಚಾಗಿ ಹೊರಡುವುದು 30°ರಿಂದ 45°ಯ ಇಳಿಜಾರುಗಳಲ್ಲಿ. 1:25,000, 20 ಮೀ. ಲಂಬಾಂತರದ ನಕ್ಷೆಯಲ್ಲಿ ಅದು 1.4ರಿಂದ 0.8 ಮಿ.ಮೀ. ಸಂದು.

ಬೆಟ್ಟದ ಇಳಿಜಾರು ಬೇರೆ, ದಾರಿಯ ಇಳಿಜಾರು ಬೇರೆ ಎಂಬುದನ್ನು ಮರೆಯಬೇಡಿ. ಬೆಟ್ಟದ ಇಳಿಜಾರನ್ನು ಗೆರೆಗಳಿಗೆ ಲಂಬವಾಗಿ ಅಳೆಯಬೇಕು. ನೀರು ಹರಿಯುವುದೂ ಆ ದಿಕ್ಕಿಗೇ. ದಾರಿ ಗೆರೆಗಳನ್ನು ಓರೆಯಾಗಿ ದಾಟಿದಷ್ಟೂ ಅದರ ಏರು ತಗ್ಗುತ್ತದೆ. 2.8 ಕಿ.ಮೀ. ಉದ್ದದ ದಾರಿ ಒಂದೇ ಸಮ ಏರುತ್ತಾ 14 ಸಂದು ದಾಟಿದರೆ 280 ಮೀ. ಏರು, ಅಂದರೆ ಶೇ. 10. ಆ ಬೆಟ್ಟದ ಮೈ ಶೇ. 40 ಇದ್ದರೂ ಇರಬಹುದು. ದಾರಿಯಿಂದ ಕಾಲು ಜಾರಿದಾಗ ಲೆಕ್ಕಕ್ಕೆ ಬರುವುದು ಬೆಟ್ಟದ ಇಳಿಜಾರು.

ಆಕಾರಗಳನ್ನು ಗುರುತಿಸುವುದು

ಕಣಿವೆ ಮತ್ತು ಏಣಿನ ಚಾಚು ನಕ್ಷೆಯಲ್ಲಿ ಅವಳಿಗಳಂತೆ ಕಾಣುತ್ತವೆ. ಎರಡರಲ್ಲೂ ಗೆರೆ ಮೊನಚಾಗಿ ಬಾಗಿರುತ್ತದೆ. ಮೊನೆ ಎತ್ತರದ ಕಡೆ ತೋರಿಸಿದರೆ ಕಣಿವೆ, ತಗ್ಗಿನ ಕಡೆ ತೋರಿಸಿದರೆ ಏಣು. ನೀರಿನ ದಡವನ್ನು ನೆನೆಯಿರಿ: ನೀರು ಏರಿದಾಗ ಕಣಿವೆಯೊಳಗೆ ಮೇಲಕ್ಕೆ ನುಗ್ಗುತ್ತದೆ, ಏಣನ್ನು ಬಳಸಿಕೊಂಡು ಹೋಗುತ್ತದೆ. ಮೊನೆ ಚೂಪಾಗಿದ್ದರೆ ಕಡಿದಾದ ಕೊರಕಲು. ಅಗಲವಾಗಿ ಬಾಗಿದ್ದರೆ ತೆರೆದ ಕಣಿವೆ. ನೀಲಿ ಗೆರೆ ಇಲ್ಲದ ಕಣಿವೆಗಳೂ ಉಂಟು. ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳವನ್ನು ನಕ್ಷೆ ತೋರಿಸದೆ ಬಿಟ್ಟಿರಬಹುದು, ಆದರೆ ಗೆರೆಗಳ ಮೊನೆಗಳು ಸಾಲಾಗಿ ನಿಂತಿದ್ದರೆ ಮಳೆ ಬಂದಾಗ ನೀರು ಅಲ್ಲೇ ಇಳಿಯುತ್ತದೆ.

ಗುಡ್ಡ ಎಂದರೆ ಒಂದರೊಳಗೊಂದು ಮುಚ್ಚಿದ ಉಂಗುರಗಳು. ಕುಳಿಯೂ ಹಾಗೇ ಕಾಣುವುದರಿಂದ, ಅದರ ಉಂಗುರಕ್ಕೆ ಒಳಮುಖವಾಗಿ ಸಣ್ಣ ಕಡ್ಡಿಗಳನ್ನು ಹಾಕುತ್ತಾರೆ. ಇಲ್ಲಿ ಎತ್ತರದ ಲೆಕ್ಕ ಸ್ವಲ್ಪ ಸೂಕ್ಷ್ಮ. ಹೊರಗಿನ ಸಾಧಾರಣ ಉಂಗುರ 700 ಮೀ. ಆಗಿದ್ದು, ಒಳಗೆ ಕಡ್ಡಿ ಹಾಕಿದ ಮೊದಲ ಉಂಗುರವಿದ್ದರೆ ಅದೂ 700 ಮೀ.ಯೇ, 680 ಅಲ್ಲ. ಮೇಲೇರಿ 700 ದಾಟಿದ ನೆಲ ಮತ್ತೆ ಇಳಿದು 700ನ್ನೇ ಮುಟ್ಟಬೇಕಲ್ಲ. ಅದರೊಳಗೆ ಇನ್ನೊಂದು ಕಡ್ಡಿಯ ಉಂಗುರವಿದ್ದರೆ ಅದು 680.

ಎರಡು ಶಿಖರಗಳ ನಡುವಿನ ತಗ್ಗು, ಕುದುರೆಯ ಜೀನಿನ ಆಕಾರದ್ದು, ದಾರಿ ಹುಡುಕುವವರಿಗೆ ಬಹಳ ಬೆಲೆಯುಳ್ಳದ್ದು. ಎಡಬಲಕ್ಕೆ ಉಂಗುರಗಳ ಎರಡು ಗುಂಪು, ಮುಂದೆ ಹಿಂದೆ ಎರಡು ಕಣಿವೆಗಳ ಮೊನೆಗಳು ಎದುರುಬದುರು. ಎರಡೂ ಶಿಖರಗಳನ್ನು ಒಟ್ಟಿಗೆ ಸುತ್ತುವ ಅತಿ ಎತ್ತರದ ಗೆರೆ 900, ಬೇರೆ ಬೇರೆ ಸುತ್ತುವ ಅತಿ ಕೆಳಗಿನ ಗೆರೆ 920 ಆದರೆ ಜೀನಿನ ಎತ್ತರ ಇವೆರಡರ ನಡುವೆ. ಇಲ್ಲಿ ಎದುರುಬದುರಾದ ಎರಡು ಗೆರೆಗಳ ಎತ್ತರ ಒಂದೇ, ಹಾಗಾಗಿ ಅವುಗಳ ನಡುವೆ 20 ಮೀ. ಏರು ಎಂದು ಎಣಿಸಬಾರದು. ಕಣಿವೆಯ ತಳದಲ್ಲೂ ಇದೇ ಎಚ್ಚರ ಬೇಕು.

ಇನ್ನು ಇಳಿಜಾರಿನ ಬಾಗು. ಮೇಲೆ ಸಂದು ಅಗಲ, ಕೆಳಗೆ ಹೋಗುತ್ತಾ ಕಿರಿದು ಎಂದಾದರೆ ಉಬ್ಬು ಇಳಿಜಾರು. ಮೇಲೆ ನಿಂತವರಿಗೆ ಬುಡ ಕಾಣುವುದಿಲ್ಲ. ಇಳಿಯುತ್ತಾ ಹೋದಂತೆ ನೆಲ ಕಡಿದಾಗುತ್ತದೆ, ಕೊನೆಗೆ ಮುಂದೆ ಹೋಗಲಾರದ, ಹಿಂದೆ ಏರಲೂ ಆಗದ ಜಾಗದಲ್ಲಿ ಸಿಕ್ಕಿಬೀಳುವುದು ಇಂಥ ಇಳಿಜಾರಿನಲ್ಲೇ. ಮೇಲೆ ಒತ್ತಾಗಿ ಕೆಳಗೆ ಅಗಲವಾದರೆ ಅದು ತಗ್ಗಿದ ಇಳಿಜಾರು. ಮೇಲಿಂದ ಬುಡದವರೆಗೂ ಕಾಣುತ್ತದೆ, ಕಷ್ಟವೆಲ್ಲ ಶುರುವಿನಲ್ಲೇ. ಗೊತ್ತಿಲ್ಲದ ಬೆಟ್ಟ ಇಳಿಯಬೇಕಾದಾಗ, ಬೇರೆಲ್ಲ ಸಮವಾಗಿದ್ದರೆ, ಎರಡನೆಯದನ್ನೇ ಆರಿಸಿ.

ಗೆರೆಗಳು ಒಂದರ ಮೇಲೊಂದು ಬಿದ್ದು ಒಂದೇ ದಪ್ಪ ಪಟ್ಟಿಯಂತಾದರೆ ಪ್ರಪಾತ. ಹಲವು ನಕ್ಷೆಗಳಲ್ಲಿ ಆ ಜಾಗದಲ್ಲಿ ಕಾಂಟೂರ್ ನಿಲ್ಲಿಸಿ ಬಂಡೆಯ ಚಿಹ್ನೆ ಹಾಕುತ್ತಾರೆ. ಆಗ ಪಕ್ಕದಲ್ಲಿ ಗೆರೆಗಳು ಒಳಹೋಗುವ ಮತ್ತು ಹೊರಬರುವ ಜಾಗಗಳಿಂದ ಎತ್ತರ ಎಣಿಸಿ.

ಗೆರೆಗಳ ನಡುವೆ ಅಡಗಿರುವುದು

ನಕ್ಷೆಯಲ್ಲಿ ಖಾಲಿ ಇರುವ ಸಂದು ನೆಲದ ಮೇಲೆ ಖಾಲಿಯಲ್ಲ. 20 ಮೀ. ಲಂಬಾಂತರದ ನಕ್ಷೆಯಲ್ಲಿ 961ರಿಂದ 979 ಮೀ.ವರೆಗೆ ಏಳುವ ದಿಬ್ಬವೊಂದು 18 ಮೀ. ಎತ್ತರವಿದ್ದರೂ ಒಂದು ಗೆರೆಯೂ ಬೀಳುವುದಿಲ್ಲ. ಬಂಡೆಯ ಗೋಡೆಯ ವಿಷಯದಲ್ಲಿ ಇದು ಇನ್ನೂ ಅಪಾಯ. 961ರಿಂದ 986 ಮೀ.ವರೆಗಿನ 25 ಮೀ. ನೆಟ್ಟಗಿನ ಬಂಡೆಯ ಮೇಲೆ ಹಾಯುವುದು 980ರ ಒಂದೇ ಗೆರೆ. ಆಚೀಚೆಯ ಸಂದುಗಳು ಅಗಲವಾಗಿದ್ದರೆ ನಕ್ಷೆಯಲ್ಲಿ ಅದು ಆರಾಮದ ಇಳಿಜಾರಿನಂತೆಯೇ ಕಾಣುತ್ತದೆ. ಆದ್ದರಿಂದ ಬಂಡೆಯ ಚಿಹ್ನೆ, ಜಲಪಾತದ ಹೆಸರು, ನೆರೆಯ ಇಳಿಜಾರಿನಲ್ಲಿ ಒತ್ತಾದ ಗೆರೆಗಳು, ಕಾರಣವಿಲ್ಲದೆ ಸುತ್ತಿ ಹೋಗುವ ಕಾಲುದಾರಿ, ಇವನ್ನೆಲ್ಲ ಸಾಕ್ಷಿಯಾಗಿ ತೆಗೆದುಕೊಳ್ಳಿ. ಊರವರ ಕಾಲುದಾರಿ ಸುಮ್ಮನೆ ಸುತ್ತು ಹಾಕುವುದಿಲ್ಲ.

ಅಡ್ಡಕೊಯ್ತ ಬರೆಯುವುದು

ಎರಡು ಬಿಂದುಗಳ ನಡುವೆ ನೆಲವನ್ನು ಸೀಳಿ ಪಕ್ಕದಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ತೋರಿಸುವ ಚಿತ್ರವಿದು. ಒಂದೆರಡು ಬಾರಿ ಕೈಯಾರೆ ಬರೆದರೆ ಆಮೇಲೆ ನಕ್ಷೆ ನೋಡಿದೊಡನೆ ಮನಸ್ಸಿನಲ್ಲೇ ಮೂಡುತ್ತದೆ.

1. ಎರಡು ಬಿಂದುಗಳನ್ನು ಪೆನ್ಸಿಲ್‌ನಿಂದ ನೇರ ಗೆರೆಯಲ್ಲಿ ಸೇರಿಸಿ, ಕಾಗದದ ಪಟ್ಟಿಯ ಅಂಚನ್ನು ಅದಕ್ಕೆ ಹೊಂದಿಸಿ.
2. ಪಟ್ಟಿ ಅಲುಗಾಡದಂತೆ ಹಿಡಿದು, ಪ್ರತಿ ಕಾಂಟೂರ್ ದಾಟುವಲ್ಲಿ ಗೀರು ಹಾಕಿ ಎತ್ತರ ಬರೆಯಿರಿ. ಗೆರೆ ತೀರಾ ಒತ್ತಾಗಿದ್ದರೆ ದಪ್ಪ ಗೆರೆಗಳು ಮಾತ್ರ ಸಾಕು. ಹಳ್ಳ, ಏಣು, ದಾರಿ ದಾಟುವ ಜಾಗಗಳನ್ನು ಬಿಡಬೇಡಿ.
3. ಗ್ರಾಫ್ ಹಾಳೆಯ ಅಡಿಗೆರೆಗೆ ಪಟ್ಟಿ ಹೊಂದಿಸಿ. ಲಂಬ ಅಕ್ಷಕ್ಕೆ 1 ಸೆಂ.ಮೀ.ಗೆ 100 ಮೀ. ಎಂದಿಟ್ಟುಕೊಳ್ಳಿ.
4. ಪ್ರತಿ ಗೀರಿನ ನೇರಕ್ಕೆ ಅದರ ಎತ್ತರದಲ್ಲಿ ಚುಕ್ಕೆ ಇಡಿ. ಚುಕ್ಕೆಗಳನ್ನು ನಯವಾದ ಗೆರೆಯಿಂದ ಸೇರಿಸಿ. ಒಂದೇ ಎತ್ತರದ ಎರಡು ಚುಕ್ಕೆಗಳ ನಡುವೆ ಸಪಾಟಾಗಿ ಎಳೆಯಬೇಡಿ: ಶಿಖರವಾದರೆ ಸ್ವಲ್ಪ ಮೇಲಕ್ಕೆ, ಕಣಿವೆಯಾದರೆ ಸ್ವಲ್ಪ ಕೆಳಕ್ಕೆ.

ಈ ಚಿತ್ರದಲ್ಲಿ ಅಡ್ಡ ಸ್ಕೇಲು 1:50,000, ಲಂಬ ಸ್ಕೇಲು 1:10,000. ಎತ್ತರ ಐದು ಪಟ್ಟು ಹಿಗ್ಗಿದೆ. 10°ಯ ಸಾಧಾರಣ ಇಳಿಜಾರು ಇಲ್ಲಿ 41°ಯಂತೆ ಕಾಣುತ್ತದೆ. ಚಿತ್ರದ ಮೇಲೆ ಕೋನಮಾಪಕ ಇಟ್ಟು ಇಳಿಜಾರು ಅಳೆಯುವುದು ಇದೇ ಕಾರಣಕ್ಕೆ ತಪ್ಪು.

ಒಂದು ಜಾಗದಿಂದ ಇನ್ನೊಂದು ಕಾಣುತ್ತದೆಯೇ ಎಂದು ತಿಳಿಯಲು ಅಡ್ಡಕೊಯ್ತದಲ್ಲಿ ಎರಡರ ನಡುವೆ ಅಳತೆಪಟ್ಟಿ ಇಟ್ಟರೆ ಮುಗಿಯಿತು. ಚಿತ್ರವಿಲ್ಲದೆಯೂ ಲೆಕ್ಕ ಮಾಡಬಹುದು. ನೀವು 900 ಮೀ.ನಲ್ಲಿ, ನೋಡಬೇಕಾದ್ದು 4 ಕಿ.ಮೀ. ಆಚೆ 700 ಮೀ.ನಲ್ಲಿ. ದೃಷ್ಟಿರೇಖೆ ಕಿಲೋಮೀಟರಿಗೆ 50 ಮೀ. ಇಳಿಯುತ್ತದೆ, 1 ಕಿ.ಮೀ. ದೂರದಲ್ಲಿ 850ರಲ್ಲಿರುತ್ತದೆ. ಅಲ್ಲಿ 860ರ ಏಣಿದ್ದರೆ ಕಾಣುವುದಿಲ್ಲ. 840ರ ಏಣಿನ ಮೇಲೆ 15 ಮೀ. ಮರಗಳಿದ್ದರೂ ಕಾಣುವುದಿಲ್ಲ, ಕಾಂಟೂರ್ ನೆಲದ್ದೇ ಹೊರತು ಮರದ ತುದಿಯದ್ದಲ್ಲ. ಭೂಮಿಯ ಬಾಗು ಇಷ್ಟು ಹತ್ತಿರಕ್ಕೆ ಲೆಕ್ಕಕ್ಕಿಲ್ಲ, 20 ಕಿ.ಮೀ.ಗೆ ಮಾತ್ರ ಸುಮಾರು 27 ಮೀ. ನುಂಗುತ್ತದೆ.

ದಾರಿಯ ಲೆಕ್ಕ

ದೂರಕ್ಕೆ ದಾರವನ್ನು ದಾರಿಯ ತಿರುವುಗಳ ಮೇಲೆ ಹಾಸಿ, ಎಳೆದು ಅಳೆಯಿರಿ. ಎತ್ತರಕ್ಕೆ ಏರುವ ದಾಟುಗಳನ್ನೂ ಇಳಿಯುವ ದಾಟುಗಳನ್ನೂ ಬೇರೆ ಬೇರೆ ಎಣಿಸಿ. ಹೊರಟ ಜಾಗ 620, ತಲುಪುವ ಜಾಗ 900 ಎಂದು 280 ಮೀ. ಬರೆದುಕೊಂಡು ಸುಮ್ಮನಾಗುವುದೇ ಇಲ್ಲಿಯ ದೊಡ್ಡ ತಪ್ಪು. ನಡುವೆ ಎರಡು ಹಳ್ಳಗಳಿಗೆ ಇಳಿದು ಹತ್ತಿದರೆ ಒಟ್ಟು ಏರು 450 ಆಗಿರಬಹುದು. ಏರಿನ ಮೊತ್ತದಿಂದ ಇಳಿತದ ಮೊತ್ತ ಕಳೆದರೆ ಎರಡು ತುದಿಗಳ ವ್ಯತ್ಯಾಸವೇ ಬರಬೇಕು, ಬರದಿದ್ದರೆ ಎಲ್ಲೋ ಗೆರೆ ತಪ್ಪಿದೆ.

ಸಮಯಕ್ಕೆ 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಕೊಟ್ಟ ಸೂತ್ರ ಇಂದಿಗೂ ಕೆಲಸ ಮಾಡುತ್ತದೆ. ಈಗಿನ ಅಳತೆಯಲ್ಲಿ ಹೇಳುವುದಾದರೆ 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀ. ಏರಿಗೆ ಒಂದು ಗಂಟೆ. 8 ಕಿ.ಮೀ., 450 ಮೀ. ಏರು: 96 ನಿಮಿಷ + 45 ನಿಮಿಷ, ಒಟ್ಟು 2 ಗಂಟೆ 21 ನಿಮಿಷ. ಇದು ವಿರಾಮವಿಲ್ಲದ, ಗಟ್ಟಿ ಕಾಲಿನವರ ಲೆಕ್ಕ. ಪೊದೆ, ಹೊರೆ, ಮಳೆ ಇದ್ದರೆ ಒಂದೂವರೆ ಪಟ್ಟು ಹಿಡಿಯಿರಿ.

ನೀರು ಎಲ್ಲಿಂದ ಬರುತ್ತದೆ: ಜಲಾನಯನದ ಗಡಿ

ಹಳ್ಳದ ಮೇಲೆ ಒಂದು ಬಿಂದು ಗುರುತಿಸಿ, ಅಲ್ಲಿಗೆ ಹರಿದು ಬರುವ ಮಳೆನೀರಿನ ಎಲ್ಲೆ ಕಂಡುಹಿಡಿಯಬೇಕು ಎನ್ನಿ. ಬಿಂದುವಿನಿಂದ ಒಂದು ಬದಿಗೆ ಗೆರೆಗಳನ್ನು ಲಂಬವಾಗಿ ದಾಟುತ್ತಾ ಏರಿ, ಏಣು ಸಿಕ್ಕಿದ ಮೇಲೆ ಗೆರೆಗಳ ಕೆಳಮುಖದ ಮೊನೆಗಳನ್ನು ಜೋಡಿಸುತ್ತಾ ಹೋಗಿ. ಶಿಖರ, ಜೀನು, ಮತ್ತೊಂದು ಶಿಖರ ಹಾದು ಇನ್ನೊಂದು ಬದಿಯಿಂದ ಇಳಿದು ಅದೇ ಬಿಂದುವಿಗೆ ಬನ್ನಿ. ನಿಮ್ಮ ಗಡಿಯ ಗೆರೆ ಆ ಬಿಂದುವಿನ ಹೊರತು ಬೇರೆಲ್ಲೂ ನೀಲಿ ಗೆರೆಯನ್ನು ದಾಟಬಾರದು. ದಾಟಿದ್ದರೆ ಪಕ್ಕದ ಕಣಿವೆಗೆ ನುಸುಳಿದ್ದೀರಿ.

ನೆಲದ ಮೇಲೆ ನಿಂತಾಗ

ದಿಕ್ಸೂಚಿಯಿಂದ ನಕ್ಷೆಯನ್ನು ಉತ್ತರಕ್ಕೆ ಹೊಂದಿಸಿ, ಅಂಚಿನಲ್ಲಿ ಬರೆದ ಕಾಂತೀಯ ವ್ಯತ್ಯಾಸ (ದಿಕ್ಸೂಚಿಯ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ನಡುವಿನ ಕೋನ) ಸರಿಪಡಿಸಿಕೊಳ್ಳಿ. ಮೊದಲು ನೆಲ ನೋಡಿ, ಆಮೇಲೆ ನಕ್ಷೆ. ಮೊದಲೇ ನಕ್ಷೆಯಲ್ಲಿ ಒಂದು ಜಾಗ ಹಿಡಿದುಕೊಂಡರೆ ಕಣ್ಣು ಅದಕ್ಕೆ ಒಪ್ಪುವ ಗುಡ್ಡವನ್ನೇ ಹುಡುಕುತ್ತದೆ. ದೊಡ್ಡ ಆಕಾರಗಳಿಂದ ಶುರುಮಾಡಿ: ಮುಖ್ಯ ಏಣು ಎತ್ತ ಸಾಗಿದೆ, ಕಣಿವೆ ಎತ್ತ ತೆರೆದಿದೆ. ಅವು ಹೊಂದಿದ ಮೇಲೆ ಸಣ್ಣವು.

ಮಂಜಿನಲ್ಲಿ ಏನೂ ಕಾಣದಿದ್ದಾಗಲೂ ಕಾಲಡಿಯ ಇಳಿಜಾರು ಸಿಕ್ಕುತ್ತದೆ. ನೇರ ಕೆಳಮುಖವಾಗಿ ನಿಂತು ದಿಕ್ಕು ಓದಿ. 120° ಬಂದರೆ ನಕ್ಷೆಯಲ್ಲಿ ನೀವಿರಬಹುದಾದ ಪ್ರದೇಶದೊಳಗೆ, ಗೆರೆಗಳಿಗೆ ಲಂಬವಾಗಿ 120°ಗೆ ಇಳಿಯುವ ಮೈ ಎಲ್ಲೆಲ್ಲಿದೆ ಹುಡುಕಿ. ಉಳಿದ ಜಾಗಗಳೆಲ್ಲ ಬಿಟ್ಟುಹೋಗುತ್ತವೆ. ಎತ್ತರಮಾಪಕ ಜೊತೆಗಿದ್ದರೆ ಆ ಮೈಯ ಮೇಲೆ ಯಾವ ಗೆರೆ ಎಂಬುದೂ ಗೊತ್ತಾಗಿ ಒಂದೇ ಜಾಗ ಉಳಿಯುತ್ತದೆ. ಒತ್ತಡದಿಂದ ಎತ್ತರ ಹೇಳುವ ಮಾಪಕವನ್ನು ಗೊತ್ತಿರುವ ಪ್ರತಿ ಜಾಗದಲ್ಲೂ ಮತ್ತೆ ಹೊಂದಿಸಬೇಕು. ಹವೆ ಬದಲಾಗಿ ಒತ್ತಡ 1 ಹೆಕ್ಟೋಪಾಸ್ಕಲ್ ಇಳಿದರೆ, ನೀವು ಕೂತಲ್ಲೇ ಸುಮಾರು 8 ಮೀ. ಏರಿದಂತೆ ಅದು ತೋರಿಸುತ್ತದೆ.

ಉಪಗ್ರಹ ಆಧಾರಿತ ಜಿಪಿಎಸ್‌ನದು ಬೇರೆ ತೊಡಕು. ಅದು ಮೂಲತಃ ಅಳೆಯುವುದು ಗಣಿತದ ಒಂದು ನುಣುಪು ದೀರ್ಘಗೋಳದಿಂದ. ನಕ್ಷೆಯ ಎತ್ತರ ಸಮುದ್ರಮಟ್ಟದಿಂದ. ಇವೆರಡರ ವ್ಯತ್ಯಾಸ ಜಾಗದಿಂದ ಜಾಗಕ್ಕೆ ಬೇರೆ, ಭಾರತದ ದಕ್ಷಿಣದ ಸಾಗರದಲ್ಲಿ ನೂರು ಮೀಟರಿನಷ್ಟಿದೆ. ಹೆಚ್ಚಿನ ಉಪಕರಣಗಳು ತಿದ್ದುಪಡಿ ಮಾಡಿಯೇ ತೋರಿಸುತ್ತವೆ, ಕೆಲವು ಫೋನ್ ಆ್ಯಪ್‌ಗಳು ತಿದ್ದದೆ ತೋರಿಸುತ್ತವೆ. ಎತ್ತರ ಗೊತ್ತಿರುವ ಒಂದು ಜಾಗದಲ್ಲಿ ನಿಂತು ಹೋಲಿಸಿ ನೋಡಿಕೊಳ್ಳಿ.

ಫೋನಿನ ನಕ್ಷೆಗಳಲ್ಲಿ ಕಾಣುವ ಕಾಂಟೂರ್‌ಗಳು ಬಹಳಷ್ಟು ಸಲ ಸರ್ವೆಯವರು ಎಳೆದದ್ದಲ್ಲ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದಂಥ ದತ್ತಾಂಶದಿಂದ ಕಂಪ್ಯೂಟರ್ ಎಳೆದದ್ದು. ಅದರ ಎತ್ತರದ ಬಿಂದುಗಳು ಸುಮಾರು 30 ಮೀ.ಗೆ ಒಂದು. ಕಿರಿದಾದ ಕೊರಕಲು, ಚಿಕ್ಕ ಬಂಡೆಗೋಡೆ ಅದರಲ್ಲಿ ಸವೆದು ನಯವಾಗುತ್ತವೆ. ದಟ್ಟ ಕಾಡಿನಲ್ಲಿ ರೇಡಾರ್ ನೆಲದವರೆಗೆ ಇಳಿಯದೆ ಮರಗಳ ಹಂದರದ ಎತ್ತರವನ್ನೂ ಸೇರಿಸಿಕೊಂಡಿರುತ್ತದೆ. ತೆರೆಯಲ್ಲಿ ಹಿಗ್ಗಿಸಿದಾಗ ಲಂಬಾಂತರ 10 ಮೀ.ಗೆ, 5 ಮೀ.ಗೆ ಇಳಿದರೂ ಹೊಸ ಅಳತೆ ಸೇರುವುದಿಲ್ಲ, ಅವೇ ಬಿಂದುಗಳ ನಡುವೆ ಗೆರೆ ಹೆಚ್ಚುತ್ತದೆ ಅಷ್ಟೆ. ಕಾಲುದಾರಿ ಬಿಟ್ಟು ಕಡಿದಾದ ಮೈಯಲ್ಲಿ ಇಳಿಯುವ ಮುನ್ನ ಆ ಜಾಗವನ್ನು ಸರ್ವೆಯ ಹಾಳೆಯಲ್ಲೂ ಉಪಗ್ರಹ ಚಿತ್ರದಲ್ಲೂ ಒಮ್ಮೆ ನೋಡಿ, ಬಂಡೆಯ ನೆರಳು ಎಲ್ಲಿ ಬಿದ್ದಿದೆ ಎಂದು ಹುಡುಕಿ.